ಒಂಬತ್ತನೇ ಹಾಡಿನ ಅಪ್ಪಣೆ

ನಿಧಾನಿ ಸತ್ತ. ಭಾನುವಾರ ಬೆಳಿಗ್ಗೆ ಹತ್ತೂವರೆಗೂ ಹನ್ನೊಂದಕ್ಕೂ ನಡುವೆ, ತನ್ನ ಅಕ್ಕನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕರೆಂಟ್ ಹೊಡೆದು. ನಲವತ್ತೇಳು ವರ್ಷ. ಮದುವೆಯಾಗಿರಲಿಲ್ಲ. ಹನ್ನೊಂದಕ್ಕೆ ಬಾಯ್ಲರ್ ಹಚ್ಚಲು ಬಂದ ಅಕ್ಕ ಅವನನ್ನು ಮೊದಲು ನೋಡಿದಳು.

ಆಸ್ಪತ್ರೆಯಲ್ಲಿ ವೈದ್ಯರು ಅವನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಂಗೈ ತೋರಿಸಿದರು. ನಡುವೆ ಅಂಗಿಯ ಗುಂಡಿಯಷ್ಟು ಕಪ್ಪು ಗುರುತು. ಎಡಗೈ ಬೆರಳ ತುದಿಗಳಲ್ಲಿ ತಂತಿಯ ಗೆರೆಗಳಿದ್ದವು. ಅವು ಸುಟ್ಟ ಗಾಯವೋ ಹಳೆಯ ಅಭ್ಯಾಸದ ಗಟ್ಟಿ ಚರ್ಮವೋ ಎಂದು ವೈದ್ಯರು ನನ್ನನ್ನೇ ಕೇಳಿದರು. ಅಭ್ಯಾಸದ್ದು ಎಂದೆ. ಅವರು ಬರೆದುಕೊಂಡರು.

ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ನಾನು ಅದೇ ಪತ್ರಿಕೆಯಲ್ಲಿ ಕರಡು ತಿದ್ದುವವನಾದ್ದರಿಂದ ಆ ನಾಲ್ಕು ಸಾಲೂ ನನ್ನ ಮೇಜಿಗೇ ಬಂದವು. ‘ಹಳೆಯ ರಾಕ್ ತಂಡವೊಂದರ ಗಿಟಾರ್ ವಾದಕ ವಿದ್ಯುತ್ ಆಘಾತಕ್ಕೆ ಬಲಿ.’ ಒಂದು ಅಲ್ಪವಿರಾಮ ಹಾಕಿ ಕಳಿಸಿದೆ. ತಪ್ಪು ಯಾವುದೂ ಇರಲಿಲ್ಲ. ಬರೆಯದೆ ಬಿಟ್ಟದ್ದು ಬಹಳ ಇತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನನ್ನ ಪಾಲೂ ಇದೆ.

ಅವನು ಹುಟ್ಟಿದ್ದು ಆ ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಬಾಯ್ಲರ್, ನಾಲ್ಕು ತೊಳೆಯುವ ಯಂತ್ರ, ಗೋಡೆಗಾತು ನಿಂತ ಒಂದು ಸ್ಟೀಮ್ ಪ್ರೆಸ್. ಅಪ್ಪ ಪ್ರೆಸ್ಸಿನ ಮುಂದೆ, ಅಮ್ಮ ಬಟ್ಟೆಗಳಿಗೆ ಗುರುತಿನ ಚೀಟಿ ಕಟ್ಟುವ ಮೇಜಿನ ಮುಂದೆ, ಅವನಿಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಎರಡರ ನಡುವೆ ಬಟ್ಟೆಯ ಗಂಟು ಹೊತ್ತು ಓಡಾಡುತ್ತ. ಸ್ಟೀಮ್ ಪ್ರೆಸ್ಸಿಗೆ ಅದರದೇ ಒಂದು ಲೆಕ್ಕವಿದೆ. ಕಾಲಿನಿಂದ ಒತ್ತಿದರೆ ಮೇಲಿನ ಹಲಗೆ ದಪ್ಪೆಂದು ಇಳಿಯುತ್ತದೆ. ತಕ್ಷಣ ಆವಿ ಬಿಡಬಾರದು. ಬಟ್ಟೆ ಕೂರುವಷ್ಟು ಹೊತ್ತು ತಡೆಯಬೇಕು. ಆಮೇಲೆ ಆವಿ, ಆಮೇಲೆ ಎತ್ತು. ದಪ್, ತಡೆ, ಉಸ್. ತೊಟ್ಟಿಲಲ್ಲಿದ್ದಾಗಿನಿಂದ ಅವನು ಕೇಳಿದ ತಾಳ ಅದು. ಬೇರೆ ಗಿಟಾರ್ ವಾದಕರು ಡ್ರಮ್ಮಿನ ಏಟಿನ ಮೇಲೆ ಬಂದು ಬೀಳುತ್ತಿದ್ದರು. ಇವನು ಏಟು ಬಿದ್ದು ಒಂದು ಕೂದಲೆಳೆಯಷ್ಟು ತಡೆದು ಬರುತ್ತಿದ್ದ. ಮೊದಮೊದಲು ನಮ್ಮ ಡ್ರಮ್ಮಿನವನು, ‘ಇವನ್ನ ಯಾರಾದ್ರೂ ಹಿಂದಿನಿಂದ ತಳ್ರಪ್ಪ’ ಎಂದು ಗೊಣಗುತ್ತಿದ್ದ. ನಿಧಾನಿ ಎಂಬ ಹೆಸರಿಟ್ಟವನೂ ಅವನೇ. ಎರಡು ವರ್ಷ ಕಳೆಯುವಷ್ಟರಲ್ಲಿ ಜನ ಬರುತ್ತಿದ್ದದ್ದೇ ಆ ಕೂದಲೆಳೆಯ ತಡೆಗಾಗಿ.

ನಾವು ನಾಲ್ವರು. ನಿಧಾನಿ ಗಿಟಾರ್, ನಾನು ಬೇಸ್ ಗಿಟಾರ್, ಡ್ರಮ್ಮಿನವನು, ಮತ್ತು ಹಾಡುಗಾರ. ಹಾಡುಗಾರನನ್ನು ‘ಗಂಟಲು’ ಎನ್ನುತ್ತಿದ್ದೆವು. ನನ್ನನ್ನು ‘ದಪ್ಪತಂತಿ’. ತಂಡದ ಹೆಸರು ನಾಲ್ಕು ಸಲ ಬದಲಾಯಿತು, ನಾಲ್ಕೂ ಚೆನ್ನಾಗಿರಲಿಲ್ಲ. ಹತ್ತೊಂಬತ್ತು ವರ್ಷ ನುಡಿಸಿದೆವು. ಕಾಲೇಜುಗಳು, ಕಾರ್ಖಾನೆಗಳ ವಾರ್ಷಿಕೋತ್ಸವ, ಬಂದರಿನ ಗೋದಾಮು, ಸೋರುವ ಟೌನ್‌ಹಾಲ್‌ಗಳು. ಎರಡು ರೆಕಾರ್ಡು ಬಂದವು. ಎರಡನೆಯದರಲ್ಲಿ ನಿಧಾನಿ ಒಬ್ಬನೇ ನಾಲ್ಕು ನಿಮಿಷ ನುಡಿಸುವ ಒಂದು ಭಾಗವಿದೆ. ಅದರಲ್ಲಿ ಸ್ವರಗಳಿಗಿಂತ ಖಾಲಿ ಜಾಗ ಹೆಚ್ಚು. ಒಂದು ಸ್ವರ ಎಳೆದು ಬಿಟ್ಟು, ಅದು ಸಾಯುವವರೆಗೂ ಕಾದು, ಕೇಳುವವನು ಇನ್ನು ಬರುವುದಿಲ್ಲ ಎಂದುಕೊಂಡ ಮೇಲೆ ಮುಂದಿನದು ಬರುತ್ತಿತ್ತು. ರೇಡಿಯೊದವರು ಮೊದಲ ಸಲ ಹಾಕಿದಾಗ ಟೇಪ್ ನಿಂತಿತೆಂದು ಭಾವಿಸಿ ನಡುವೆ ಜಾಹೀರಾತು ಹಾಕಿಬಿಟ್ಟರು.

ಅವನ ಆಂಪ್ಲಿಫೈಯರ್ ಒಂದು ಹಳೆಯ ವಾಲ್ವ್ ಪೆಟ್ಟಿಗೆ. ಮುಚ್ಚಿಹೋದ ನೃತ್ಯಶಾಲೆಯೊಂದರಿಂದ ತಂದದ್ದು. ಇಬ್ಬರು ಹೊರಬೇಕಾದಷ್ಟು ಭಾರ. ಹಚ್ಚಿದ ಮೇಲೆ ಕಾಯಲು ಎರಡು ನಿಮಿಷ ಹಿಡಿಯುತ್ತಿತ್ತು. ಕಾದ ಮೇಲೆ ಗುಂಯ್ ಎಂದು ಒಂದೇ ಸಮನೆ ನರಳುತ್ತಿತ್ತು. ಅದಕ್ಕೆ ನಾವಿಟ್ಟ ಹೆಸರು ‘ಎಮ್ಮೆ’. ಹೊಸದು ಕೊಳ್ಳೋ ಎಂದರೆ, ‘ಎಮ್ಮೆ ನನ್ನ ಜೊತೆ ಹೊಂದಿಕೊಂಡಿದೆ, ನೀವು ಇನ್ನೂ ಹೊಂದಿಕೊಂಡಿಲ್ಲ’ ಎನ್ನುತ್ತಿದ್ದ.

ಎಮ್ಮೆಯ ನರಳಾಟ ನಿಲ್ಲಿಸುವುದು ನನ್ನ ಕೆಲಸವಾಗಿತ್ತು. ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಇಕ್ಕಳ ಇರುತ್ತಿತ್ತು. ಪ್ಲಗ್ಗಿನ ಮೂರನೇ ಕಡ್ಡಿ, ಅಂದರೆ ನೆಲದ ತಂತಿಗೆ, ಅರ್ಥಿಂಗಿಗೆ, ಸೇರುವ ಕಡ್ಡಿ, ಅದನ್ನು ತಪ್ಪಿಸಿದರೆ ಎಷ್ಟೋ ಸಭಾಂಗಣಗಳಲ್ಲಿ ಗುಂಯ್ ನಿಲ್ಲುತ್ತದೆ. ಏಕೆಂದರೆ ವೇದಿಕೆಯ ಪೆಟ್ಟಿಗೆಗಳೆಲ್ಲ ಒಂದೇ ನೆಲಕ್ಕೆ ಬೇರೆ ಬೇರೆ ದಾರಿಯಲ್ಲಿ ಸೇರಿದಾಗ ಆ ಸದ್ದು ಹುಟ್ಟುತ್ತದೆ. ನೆಲದ ತಂತಿ ಇರುವುದು ಜೀವ ಉಳಿಸಲಿಕ್ಕೆ ಎಂಬುದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷದವನಿಗೆ ಗೊತ್ತಿರುವ ಹಾಗೆ ಗೊತ್ತಿತ್ತು. ನಿಧಾನಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ‘ನೋಡು, ಹಲ್ಲು ಕಿತ್ತರೆ ಎಮ್ಮೆ ಸುಮ್ಮನಾಯ್ತು’ ಎಂದು ಅವನಿಗೆ ತೋರಿಸಿಕೊಟ್ಟವನು ನಾನು.

ಮೂರನೇ ವರ್ಷ ನಿಧಾನಿಯ ಅಪ್ಪ ಹಾಸಿಗೆ ಹಿಡಿದರು. ಆ ವಾರ ಒಂದು ಕಾರ್ಖಾನೆಯ ಸಭಾಂಗಣದಲ್ಲಿ ಅವನಿಲ್ಲದೆಯೇ ನುಡಿಸಬೇಕಾಯಿತು. ಗಿಟಾರನ್ನೂ ಎಮ್ಮೆಯನ್ನೂ ಕೊಟ್ಟು ಕಳಿಸಿದ್ದ. ಗಂಟಲು ತಾನೇ ಗಿಟಾರ್ ಹಾಕಿಕೊಂಡು ಹಾಡುತ್ತೇನೆಂದ. ತಾಲೀಮಿಗೆ ನಿಂತು, ಎಡಗೈ ತಂತಿಗಳ ಮೇಲಿಟ್ಟು, ಬಾಯನ್ನು ಮೈಕಿಗೆ ತಾಗಿಸಿದ. ಸದ್ದಿಲ್ಲದೆ ಹಿಂದಕ್ಕೆ ಬಿದ್ದ. ಡ್ರಮ್ಮಿನವನು ಓಡಿಹೋಗಿ ಸ್ವಿಚ್ ಆರಿಸಿದ. ಕೆಳತುಟಿ ಸುಟ್ಟಿತ್ತು, ಪ್ಯಾಂಟು ಒದ್ದೆಯಾಗಿತ್ತು. ಹತ್ತು ನಿಮಿಷದ ಮೇಲೆ ಗಂಟಲು ಎದ್ದು ಕೂತು ಆಡಿದ ಮೊದಲ ಮಾತು ಇದು:

‘ನಿಧಾನಿಗೆ ಮಾತ್ರ ಹೇಳ್ಬೇಡ್ರೋ. ಪ್ಯಾಂಟಿನ ವಿಷಯ ಗೊತ್ತಾದ್ರೆ ಸಾಯೋವರೆಗೂ ಆಡ್ಕೊಳ್ತಾನೆ.’

‘ಮೆಟ್ಟಿಲು ತಪ್ಪಿ ಬಿದ್ದೆ ಅಂತ ಹೇಳೋಣ’ ಎಂದ ಡ್ರಮ್ಮಿನವನು.

ನಾನು ಹೂಂ ಎಂದೆ. ಪ್ಯಾಂಟು ನಿಧಾನಿಯ ಮನೆಯ ಲಾಂಡ್ರಿಗೆ ಹೋಗದ ಹಾಗೆ ನಾನೇ ನನ್ನ ಕೋಣೆಯಲ್ಲಿ ಒಗೆದೆ. ಆಗ ಅದು ನಗುವ ವಿಷಯವಾಗಿತ್ತು.

ಮರುದಿನ ಎಮ್ಮೆಯನ್ನು ರೇಡಿಯೊ ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದೆ. ಕನ್ನಡಕದ ಮೇಲಿಂದ ನೋಡುವ ಮುದುಕರು. ಹಿಂಬದಿ ಬಿಚ್ಚಿ ಒಳಗೆ ಬೆರಳು ತೋರಿಸಿದರು.

‘ಇಲ್ಲೊಂದು ಕೆಪಾಸಿಟರ್ ಇದೆಯಲ್ಲಪ್ಪ, ಇದು ಸೋರೋಕೆ ಶುರುವಾದ್ರೆ ಕರೆಂಟು ಸೀದಾ ಪೆಟ್ಟಿಗೆಯ ಮೈಗೆ ಬರುತ್ತೆ, ಅಲ್ಲಿಂದ ಗಿಟಾರಿನ ತಂತಿಗೆ. ಮೂರನೇ ಕಡ್ಡಿ ಇದ್ರೆ ಅದು ನೆಲಕ್ಕಿಳಿದು ಹೋಗುತ್ತೆ. ಇಲ್ದಿದ್ರೆ ಕಾಯ್ತಾ ಕೂತಿರುತ್ತೆ.’

‘ಯಾರಿಗೆ ಕಾಯುತ್ತೆ?’

‘ಒಂದು ಕೈ ತಂತಿ ಮೇಲೆ, ಇನ್ನೊಂದು ಕೈ ಮೈಕಿನ ಮೇಲೆ ಇಡೋನಿಗೆ.’

ಕೆಪಾಸಿಟರ್ ಬದಲಾಯಿಸಿ, ಮೂರೂ ಕಡ್ಡಿಯಿರುವ ಹೊಸ ಪ್ಲಗ್ ಹಾಕಿಕೊಟ್ಟರು. ಇದೂ ಒಂದು ದಿನ ಮುಪ್ಪಾಗುತ್ತದೆ ಎಂದರು. ಆಮೇಲೆ ನನ್ನ ಕೈ ಹಿಡಿದು ಮಗುಚಿ, ಹಿಂಗೈ ತಟ್ಟಿದರು.

‘ಅನುಮಾನ ಇದ್ದಾಗ ಇದರಿಂದ ಮುಟ್ಟಿ ನೋಡು. ಕರೆಂಟು ಹೊಡೆದ್ರೆ ಕೈ ಮುಚ್ಚಿಕೊಳ್ಳುತ್ತೆ. ಹಿಂಗೈ ಆದ್ರೆ ಮೈಕಿನಿಂದ ಆಚೆ ಬರುತ್ತೆ. ಅಂಗೈ ಆದ್ರೆ ಮೈಕನ್ನೇ ಹಿಡ್ಕೊಳ್ಳುತ್ತೆ. ಆಮೇಲೆ ಬಿಡು ಅಂತ ನೀನು ಹೇಳಿದ್ರೂ ಅದು ಕೇಳಲ್ಲ.’

ಅಂದಿನಿಂದ ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ನಾನು ವೇದಿಕೆ ಹತ್ತಿ, ಎಡಗೈಯಲ್ಲಿ ಗಿಟಾರಿನ ತಂತಿ ಮುಟ್ಟಿಕೊಂಡು, ಬಲಗೈಯ ಹಿಂಬದಿಯನ್ನು ಮೈಕಿಗೆ ಸವರುತ್ತಿದ್ದೆ. ಅಪ್ಪನನ್ನು ಕಳೆದುಕೊಂಡು ತಿಂಗಳ ನಂತರ ಮರಳಿ ಬಂದ ನಿಧಾನಿ ಇದನ್ನು ನೋಡಿ, ‘ಇದೇನೋ ಹೊಸ ಪೂಜೆ?’ ಎಂದ. ಪಕ್ಕದಲ್ಲಿ ಗಂಟಲು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ‘ಅಪ್ಪಣೆ ಕೇಳ್ತಿದೀನಿ. ಮೈಕು ಅಪ್ಪಣೆ ಕೊಟ್ರೆ ಮಾತ್ರ ಹಾಡು’ ಎಂದೆ. ಬಾಯಿಗೆ ಬಂದದ್ದು ಹೇಳಿದ್ದೆ. ನಿಧಾನಿಗೆ ಅದು ಬಹಳ ಹಿಡಿಸಿತು. ಮುಂದೆ ಅವನೇ ಅದನ್ನು ಒಂದು ಶಾಸ್ತ್ರ ಮಾಡಿಬಿಟ್ಟ. ಎಲ್ಲಿಗೆ ಹೋದರೂ ‘ದಪ್ಪತಂತಿ, ಅಪ್ಪಣೆ ಆಯ್ತಾ?’ ಎಂದು ಕೇಳದೆ ಗಿಟಾರ್ ಕುತ್ತಿಗೆಗೆ ಹಾಕುತ್ತಿರಲಿಲ್ಲ. ಒಮ್ಮೆ ನನಗೆ ಜ್ವರ ಬಂದು ಮಲಗಿದ್ದಾಗ ಹತ್ತು ಮೈಲಿ ದೂರದಿಂದ ಫೋನ್ ಮಾಡಿ, ‘ಬಾಯಲ್ಲಾದ್ರೂ ಹೇಳೋ, ಅಪ್ಪಣೆ ಅಂತ’ ಎಂದಿದ್ದ. ಹೇಳಿದ್ದೆ. ಅಂದು ಏನೂ ಆಗಲಿಲ್ಲ. ಅವನು ವೇದಿಕೆಯ ಎಡಮೂಲೆಯಲ್ಲಿ, ಮೈಕಿನಿಂದ ಆರು ಅಡಿ ದೂರ ನಿಲ್ಲುವವನು. ಹತ್ತೊಂಬತ್ತು ವರ್ಷದಲ್ಲಿ ಒಂದು ಸಾಲೂ ಹಾಡಿದವನಲ್ಲ. ಅವನಿಗೆ ನಿಜ ಹೇಳುವ ಅಗತ್ಯ ನಮಗೆ ಬೀಳಲಿಲ್ಲ. ಹೀಗೆ ಅವನು ಅರ್ಧ ಕಲಿತ. ಕಡ್ಡಿ ಕೀಳುವುದನ್ನು ಕಲಿತ. ಕಿತ್ತ ಮೇಲೆ ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದನ್ನು ನಾವು ತಮಾಷೆಯಲ್ಲಿ ಸುತ್ತಿಟ್ಟಿದ್ದೆವು.

ತಂಡ ಜಗಳವಾಗಿ ಒಡೆಯಲಿಲ್ಲ, ಸವೆದು ಹೋಯಿತು. ಡ್ರಮ್ಮಿನವನು ಬೇರೆ ದೇಶಕ್ಕೆ ಹೋದ. ಗಂಟಲು ಜಾಹೀರಾತುಗಳಿಗೆ ಹಾಡತೊಡಗಿದ. ನಾನು ಕರಡಿನ ಮೇಜು ಹಿಡಿದೆ. ನಿಧಾನಿ ಅಪ್ಪನ ಸ್ಟೀಮ್ ಪ್ರೆಸ್ಸಿನ ಮುಂದೆ ನಿಂತ. ಎಂಟು ವರ್ಷ ದಿನಕ್ಕೆ ಇನ್ನೂರು ಅಂಗಿ.

ಲಾಂಡ್ರಿ ಈಗ ಅಕ್ಕನದು. ಅಕ್ಕ ಗಟ್ಟಿ ಹೆಂಗಸು. ಕಾಲರಿನ ಕೊಳೆ ನೋಡಿ ಯಾರು ಯಾವ ಕೆಲಸದವರೆಂದು ಹೇಳಬಲ್ಲಳು. ತಮ್ಮನ ಬಗ್ಗೆ ಅವಳ ಮಾತು ಯಾವಾಗಲೂ ಒರಟು. ‘ಊರೆಲ್ಲ ಕುಣಿಸಿ ಬಂದ್ರು, ಈಗ ತಲೆದಿಂಬಿನ ಚೀಲಕ್ಕೆ ಇಸ್ತ್ರಿ ಹಾಕ್ತಾರೆ’ ಎನ್ನುವಳು. ಆದರೆ ಅವನು ತಡವಾಗಿ ಎದ್ದ ದಿನ ಪ್ರೆಸ್ಸನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಕಳೆದ ವರ್ಷ ಅವನು ಹಾಡು ಬರೆಯತೊಡಗಿದ. ಬರೆದದ್ದು ಬಟ್ಟೆಗೆ ಕಟ್ಟುವ ಗುರುತಿನ ಚೀಟಿಗಳ ಬೆನ್ನಿನ ಮೇಲೆ. ಒಂದು ಚೀಟಿಗೆ ಒಂದು ಸಾಲು ಹಿಡಿಯುತ್ತಿತ್ತು. ಅದಕ್ಕೇ ಅವನ ಸಾಲುಗಳು ಗಿಡ್ಡ. ಇದೆಲ್ಲ ನನಗೆ ಗೊತ್ತಾದದ್ದು, ಒಬ್ಬ ಗಿರಾಕಿ ತನ್ನ ಕೋಟಿನ ಜೇಬಿನಲ್ಲಿ ‘ಬಾಗಿಲು ಹಾಕಿದ ಮೇಲೂ ಒಳಗೆ ಯಾರೋ ಮಡಚುತ್ತಿದ್ದಾರೆ’ ಎಂಬ ಚೀಟಿ ಕಂಡು ಹೆದರಿ ಅಂಗಡಿಗೆ ಬಂದಾಗ. ಅಕ್ಕ ಚೀಟಿಯನ್ನು ಕಿತ್ತುಕೊಂಡು ತಮ್ಮನ ಮುಂದೆ ಹಿಡಿದಳು.

‘ಏನಿದು?’

‘ಹಾಡು.’

‘ಯಾರ ಹಾಡು?’

‘ನಂದೇ.’

‘ನಿನಗೆ ಹಾಡೋಕೆ ಯಾವಾಗ ಬಂತು?’

‘ಬರಲ್ಲ. ಕಲೀತಿದೀನಿ.’

ಒಂಬತ್ತು ಹಾಡುಗಳಾದವು. ಒಬ್ಬನೇ, ಒಂದು ಗಿಟಾರ್, ಒಂದು ದನಿ. ಎಮ್ಮೆಯ ಸದ್ದು ಪಿಸುಮಾತಿನಷ್ಟೇ ಇಟ್ಟು ನುಡಿಸುತ್ತಿದ್ದ. ಅವನ ದನಿ ಚೆನ್ನಾಗಿತ್ತು ಎಂದು ಸುಳ್ಳು ಹೇಳಲಾರೆ. ಒಣಗಿದ ದನಿ, ಮಾತಿಗಿಂತ ಒಂದು ಮೆಟ್ಟಿಲು ಮೇಲೆ. ಆದರೆ ಅದೂ ಗಿಟಾರಿನಂತೆ ಒಂದು ಕೂದಲೆಳೆ ತಡೆದು ಬರುತ್ತಿತ್ತು. ಸಾಲು ಮುಗಿದ ಮೇಲೆ ಬಿಡುವ ಮೌನದಲ್ಲಿ ಅವನು ಹೇಳದೆ ಉಳಿಸಿದ್ದು ಕೇಳುತ್ತಿತ್ತು. ಆ ಮೌನ ಶುದ್ಧವಾಗಿರಬೇಕಿತ್ತು. ಅಷ್ಟೇ ಅವನ ಹಟ.

ಒಂಬತ್ತನೆಯದು ಕಾಲರಿನ ಹಾಡು. ಹನ್ನೊಂದು ವರ್ಷ ಪ್ರತಿ ಸೋಮವಾರ ಒಬ್ಬ ಗಿರಾಕಿ ಆರು ಅಂಗಿ ತರುತ್ತಿದ್ದ. ಅಕ್ಕನೊಂದಿಗೆ ಹವಾಮಾನದ ಮಾತು ಬಿಟ್ಟು ಬೇರೇನೂ ಆಡಿದವನಲ್ಲ. ಒಂದು ಸೋಮವಾರ ಅಂಗಿಗಳನ್ನು ಕೊಟ್ಟುಹೋದವನು ತಿರುಗಿ ಬರಲಿಲ್ಲ. ಐದನ್ನು ಅಕ್ಕ ಮಡಚಿ ಅನಾಥಾಲಯಕ್ಕೆ ಕೊಟ್ಟಳು. ಆರನೆಯದು ಏಳು ವರ್ಷದಿಂದ ಹಿಂದಿನ ಕೋಣೆಯ ಮೊಳೆಯಲ್ಲಿ ತೂಗುತ್ತಿದೆ. ಅದರ ಬಗ್ಗೆ ಯಾರೂ ಮಾತಾಡುವ ಹಾಗಿರಲಿಲ್ಲ. ನಿಧಾನಿ ಮಾತಾಡಲಿಲ್ಲ, ಹಾಡು ಬರೆದ.

ಕಾಲರು ಮೊದಲು, ಆಮೇಲೆ ತೋಳು.
ನಿನ್ನ ಕುತ್ತಿಗೆ ನಾ ಮುಟ್ಟಿಲ್ಲ.
ಅದರ ಬೆವರು ಬಲ್ಲೆ.

ಅಕ್ಕ ಒಂದು ಮಧ್ಯಾಹ್ನ ಬಾಗಿಲ ಹಿಂದೆ ನಿಂತು ಇದನ್ನು ಕೇಳಿಸಿಕೊಂಡಳು. ಕೈಯಲ್ಲಿದ್ದ ಅಂಗಿಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ‘ಕಾಲರು ಮೊದಲು ಅಂತ ನಾನೇ ಇವನಿಗೆ ಹೇಳಿಕೊಟ್ಟದ್ದು’ ಎಂದು ನನಗೆ ಹೇಳಿದಳು. ಅಂದಿನಿಂದ ವಾರಕ್ಕೊಂದು ಸಲ ಯಾವುದೋ ಮಾತಿನ ನಡುವೆ, ‘ಆ ಕಾಲರಿಂದು ಮುಗೀತಾ?’ ಎಂದು ಕೇಳುವಳು.

ಹಾಡುಗಳನ್ನು ಮುದ್ರಿಸಿಕೊಳ್ಳಲು ಗಂಟಲು ತನ್ನ ಹಳೆಯ ಟೇಪ್ ಯಂತ್ರವನ್ನೂ ಮೈಕನ್ನೂ ನಲವತ್ತು ದಿನಕ್ಕೆ ಕೊಟ್ಟ. ನಲವತ್ತನೇ ದಿನ ಸೋಮವಾರ ಬರುತ್ತಿತ್ತು. ಆಮೇಲೆ ಅದು ಬೇರೆ ಊರಿಗೆ ಹೋಗುವುದಿತ್ತು. ಆ ನಲವತ್ತು ದಿನದೊಳಗೆ ಒಂಬತ್ತೂ ಮುಗಿಯಬೇಕು. ಲಾಂಡ್ರಿ ನಡೆಯುವಾಗ ಯಂತ್ರಗಳ ಸದ್ದು. ಹಾಗಾಗಿ ಸಿಕ್ಕಿದ್ದು ಮಧ್ಯಾಹ್ನದ ಊಟದ ಒಂದು ಗಂಟೆ ಮತ್ತು ಭಾನುವಾರಗಳು.

ಮೊದಲ ವಾರ ನಾನು ಹೋದಾಗ ಅವನು ತಲೆಗೆ ಕೈ ಹೊತ್ತು ಕೂತಿದ್ದ. ಎಮ್ಮೆಯೂ ಟೇಪ್ ಯಂತ್ರವೂ ಸೇರಿ ಗುಂಯ್ ಎನ್ನುತ್ತಿದ್ದವು. ಸಾಲು ಮುಗಿದ ಮೇಲಿನ ಮೌನದಲ್ಲಿ ಗುಂಯ್ ಬಿಟ್ಟು ಬೇರೇನೂ ಇರಲಿಲ್ಲ. ಎರಡನೇ ವಾರ ಹೋದಾಗ ಕೋಣೆ ಬಾವಿಯ ಹಾಗೆ ನಿಶ್ಶಬ್ದವಾಗಿತ್ತು.

‘ಹೇಗೋ ನಿಲ್ಲಿಸಿದೆ?’ ಎಂದೆ.

‘ನೀನೇ ಕಲಿಸಿದ ವಿದ್ಯೆ’ ಎಂದು ಕಣ್ಣು ಮಿಟುಕಿಸಿದ.

ನನಗೆ ಹೆಮ್ಮೆಯಾಯಿತು. ಪ್ಲಗ್ಗಿನ ಕಡೆ ನೋಡಲಿಲ್ಲ. ಅದು ಬಟ್ಟೆಯ ಗಂಟುಗಳ ಹಿಂದಿತ್ತು. ಎರಡು ಗಂಟು ಸರಿಸಿದ್ದರೆ ಕಾಣುತ್ತಿತ್ತು.

ಆಮೇಲಿನ ದಿನಗಳನ್ನು ಈಗ ನೆನೆದರೆ ಎಲ್ಲವೂ ಹೇಳುತ್ತಲೇ ಇದ್ದವು ಅನಿಸುತ್ತದೆ. ಅಕ್ಕ ಗಿಟಾರಿನ ಧೂಳು ಒರೆಸಲು ಹೋಗಿ ಕೈ ಕೊಡವಿಕೊಂಡು, ‘ಲೋ, ನಿನ್ನ ಗಿಟಾರ್ ಕಚ್ಚುತ್ತೆ’ ಎಂದಳು. ತಂತಿಯ ತುದಿ ಚುಚ್ಚಿರಬೇಕೆಂದು ಅವನು ಅದನ್ನು ಬಗ್ಗಿಸಿ ಸರಿ ಮಾಡಿದ. ಎಮ್ಮೆಯ ಮೇಲೆ ಬಿಸಿಗೆಂದು ಮಲಗುತ್ತಿದ್ದ ಬೆಕ್ಕು ಮೂರನೇ ವಾರದಿಂದ ಆ ಕೋಣೆಗೇ ಬರುವುದನ್ನು ಬಿಟ್ಟಿತು. ಬಾಯ್ಲರಿನ ಕೊಳವೆಯೊಂದು ಸೋರತೊಡಗಿ, ಹಿಂದಿನ ಕೋಣೆಯ ಸಿಮೆಂಟು ನೆಲ ಮೂಲೆಯಿಂದ ಒದ್ದೆಯಾಗುತ್ತ ಬಂತು. ದಿನಕ್ಕೊಂದು ಗೇಣು. ಅಕ್ಕ ಗೋಣಿಚೀಲ ಹಾಸಿದಳು. ರೇಡಿಯೊ ರಿಪೇರಿಯ ಮುದುಕರು ತೀರಿಕೊಂಡು ಐದು ವರ್ಷವಾಗಿತ್ತು. ಆ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ.

ನಾಲ್ಕನೇ ವಾರ ನಿಧಾನಿ ನನ್ನ ಕಚೇರಿಗೆ ಬಂದ. ಎಂದೂ ಬಂದವನಲ್ಲ. ನನ್ನ ಮೇಜಿನ ಅಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಕರಡಿನ ಹಾಳೆಗಳನ್ನು ಜೋಡಿಸಿದ. ಆಮೇಲೆ ಕೇಳಿದ:

‘ಒಂದು ವಿಷಯ. ಹಾಡೋವಾಗ ತುಟಿ ಮೇಲೆ ಇರುವೆ ಹರಿದ ಹಾಗಾಗುತ್ತೆ. ನಮ್ಮ ಗಂಟಲು ಹಾಡೋವಾಗ ಅವನಿಗೂ ಹೀಗೇ ಆಗ್ತಿತ್ತಾ?’

‘ಯಾವಾಗಲೂ ಆಗುತ್ತಾ?’

‘ಗಿಟಾರ್ ಹಿಡಿದು ಹಾಡುವಾಗ. ಸುಮ್ನೆ ಹಾಡಿದ್ರೆ ಇಲ್ಲ.’

ಇಷ್ಟು ಸ್ಪಷ್ಟವಾಗಿ ಹೇಳಿದ. ನಾನು ಒಂದು ಪುಟ ಮುಗಿಸುವ ಗಡಿಬಿಡಿಯಲ್ಲಿದ್ದೆ. ನಲವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ಬಾಯಿ ತೆರೆದವನ ಅಳುಕು ಎಂದುಕೊಂಡೆ. ‘ಹೆದರಿಕೆ ಕಣೋ. ಎಲ್ಲಾ ಹಾಡುಗಾರರಿಗೂ ಮೊದಲು ಏನಾದ್ರೂ ಒಂದು ಆಗುತ್ತೆ. ಕೆಲವರಿಗೆ ಹೊಟ್ಟೆ, ನಿನಗೆ ತುಟಿ’ ಎಂದೆ.

ಅವನ ಮುಖ ಅರಳಿತು. ‘ಹಾಗಾದ್ರೆ ನಾನೂ ಹಾಡುಗಾರನೇ ಅನ್ನು’ ಎಂದು ನಕ್ಕು ಎದ್ದುಹೋದ. ಎಂಟನೇ ಹಾಡಿನಲ್ಲಿ ‘ತುಟಿಯ ಮೇಲೆ ಇರುವೆಯ ಸಾಲು’ ಎಂಬ ಮಾತಿದೆ. ಅದು ಉಪಮೆಯಲ್ಲ.

ಮೂವತ್ತೆಂಟನೇ ದಿನಕ್ಕೆ ಎಂಟು ಮುಗಿದಿದ್ದವು. ಉಳಿದದ್ದು ಕಾಲರಿನ ಹಾಡು. ಅದಕ್ಕೆ ಅವನು ಕೈ ಹಾಕಲು ಹಿಂಜರಿಯುತ್ತಿದ್ದ. ಶನಿವಾರ ಸಂಜೆ ಒಂದು ಹೋಟೆಲಿನಿಂದ ನೂರು ಹೊದಿಕೆಗಳು ಬಂದವು. ಭಾನುವಾರವೇ ಒಗೆದು ಕೊಡಬೇಕು. ಅಂದರೆ ಬೆಳಿಗ್ಗೆ ಎಂಟಕ್ಕೇ ಬಾಯ್ಲರ್ ಹಚ್ಚಬೇಕು. ಅಕ್ಕ ಲೆಕ್ಕ ಹಾಕಿ, ‘ಹನ್ನೊಂದರವರೆಗೂ ಹಚ್ಚಲ್ಲ. ಆಮೇಲೆ ನಿನ್ನ ಮುಖ ನೋಡಲ್ಲ. ಅಷ್ಟರಲ್ಲಿ ಅದನ್ನ ಮುಗಿಸು’ ಎಂದಳು. ರಾತ್ರಿ ಮಲಗುವ ಮುಂಚೆ, ಅವನಿಗೆ ಕೋಣೆ ಚೊಕ್ಕವಾಗಿರಲೆಂದು, ಒದ್ದೆ ಗೋಣಿಚೀಲಗಳನ್ನು ತೆಗೆದು ನೆಲಕ್ಕೆ ನೀರು ಹಾಕಿ ಗುಡಿಸಿದಳು. ಮೊಳೆಯಲ್ಲಿದ್ದ ಅಂಗಿಗೆ ಏಳು ವರ್ಷದ ನಂತರ ಇಸ್ತ್ರಿ ಹಾಕಿ ಮತ್ತೆ ತೂಗುಬಿಟ್ಟಳು. ಇದನ್ನು ಅವಳೇ ನನಗೆ ಹೇಳಿದಳು. ನೆಲ ತೊಳೆದದ್ದನ್ನು ಎರಡು ಸಲ ಹೇಳಿದಳು.

ಭಾನುವಾರ ಹತ್ತು ಗಂಟೆಗೆ ಅವನು ನನಗೆ ಫೋನ್ ಮಾಡಿದ.

‘ದಪ್ಪತಂತಿ, ಇವತ್ತು ಒಂಬತ್ತನೇದು. ಬಂದು ಅಪ್ಪಣೆ ಕೊಡೋ.’

‘ಅಪ್ಪಣೆಯಾ? ಎಂಟು ಹಾಡಿಗೆ ಇಲ್ಲದ್ದು ಈಗ ಯಾಕೆ?’

‘ಅವು ನಂದು. ಇದು ಅಕ್ಕಂದು. ಶಾಸ್ತ್ರ ತಪ್ಪಬಾರದು.’

‘ಕೈಯಲ್ಲಿ ಪುರವಣಿ ಇದೆ ಕಣೋ. ಮಧ್ಯಾಹ್ನ ಬರ್ತೀನಿ.’

‘ಮಧ್ಯಾಹ್ನಕ್ಕೆ ಬಾಯ್ಲರ್ ಹಾಡುತ್ತೆ, ನಾನಲ್ಲ. ನಾಳೆ ಯಂತ್ರಾನೂ ಹೋಗುತ್ತೆ.’

‘ಹಾಗಾದ್ರೆ ನೀನೇ ಅಪ್ಪಣೆ ತಗೋ. ಅಷ್ಟು ವರ್ಷ ನೋಡಿದೀಯಲ್ಲ.’

‘ಮೈಕು ಮುಟ್ಟೋದು ತಾನೆ?’

‘ಅಷ್ಟೇ’ ಎಂದೆ.

ಹೀಗೆ ಅಂದವನು ನಾನು. ಅವನು ಎಮ್ಮೆಯ ಕಡ್ಡಿ ಕಿತ್ತಿದ್ದಾನೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಿತ್ತು. ಹಿಂದಿನ ರಾತ್ರಿ ಯಾವಾಗಲೋ ಒಳಗಿನ ಕೆಪಾಸಿಟರ್ ಪೂರ್ತಿ ಕೈಕೊಟ್ಟಿರಬೇಕು, ಅಥವಾ ಬೆಳಿಗ್ಗೆ ಹಚ್ಚಿದಾಗ, ಎಂದು ಪೊಲೀಸರು ಕರೆಸಿದ ಎಲೆಕ್ಟ್ರಿಷಿಯನ್ ಹೇಳಿದ. ಇಷ್ಟು ದಿನ ಇರುವೆಯಷ್ಟಿದ್ದದ್ದು ಅಂದು ಪೂರ್ತಿ ಬಂದಿತ್ತು. ನೆಲ ಒದ್ದೆ. ಅವನು ಬರಿಗಾಲಿನಲ್ಲಿದ್ದ. ಚಪ್ಪಲಿಯ ಸದ್ದು ಟೇಪಿನಲ್ಲಿ ಬರುತ್ತದೆಂದು ಆ ಕೋಣೆಯಲ್ಲಿ ಯಾವಾಗಲೂ ಬರಿಗಾಲು.

ಪೊಲೀಸರು ಟೇಪನ್ನು ಅಕ್ಕನಿಗೆ ಕೊಟ್ಟರು. ಅಕ್ಕ ಅದನ್ನು ಒಂದು ದಿಂಬಿನ ಚೀಲದಲ್ಲಿ ಹಾಕಿ ನನ್ನ ಕೈಗಿಟ್ಟಳು.

‘ನೀನು ಕೇಳು ತಮ್ಮ. ಹಾಡು ಇದ್ರೆ ಹೇಳು. ಇಲ್ದಿದ್ರೆ ಏನೂ ಹೇಳ್ಬೇಡ.’

ಗಂಟಲಿನ ಮನೆಯಲ್ಲಿ, ಅವನೂ ನಾನೂ ಕೂತು ಒಂದು ಸಲ ಕೇಳಿದೆವು. ಎಂಟು ಹಾಡುಗಳಿವೆ. ಎಂಟರ ಮೌನವೂ ಶುದ್ಧವಾಗಿದೆ. ಎಂಟನೆಯದು ಮುಗಿದ ಮೇಲೆ ಟೇಪು ಮತ್ತೆ ಶುರುವಾಗುವುದು ಭಾನುವಾರ. ಗಂಟಲು ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡು ಕೂತಿದ್ದ. ಅಲ್ಲಿ ಈಗಲೂ ಒಂದು ಬಿಳಿ ಗುರುತಿದೆ. ನಾನು ಅಕ್ಕನಿಗೆ ಏನೂ ಹೇಳಲಿಲ್ಲ.

ಟೇಪಿನಲ್ಲಿ ಇರುವುದು ಇಷ್ಟು. ಕುರ್ಚಿ ಎಳೆದ ಸದ್ದು. ಒಂದೊಂದೇ ತಂತಿ ಶ್ರುತಿ ಮಾಡುವುದು, ಆರೂ. ದೂರದಲ್ಲಿ ಅಕ್ಕ ಬಕೆಟ್ಟು ಇಟ್ಟದ್ದು. ನಿಧಾನಿ ಕೆಮ್ಮಿ ದನಿ ಸರಿಪಡಿಸಿಕೊಂಡು ಕಾಲರಿನ ಹಾಡಿನ ಮೊದಲ ಸಾಲನ್ನು ಹಾಡದೆ, ಬರೀ ಓದಿದ. ಮೈಕಿನಿಂದ ದೂರವಿದ್ದ ದನಿ. ಆಮೇಲೆ ಕುರ್ಚಿಯಿಂದ ಎದ್ದದ್ದು ಕೇಳುತ್ತದೆ, ಒದ್ದೆ ನೆಲದ ಮೇಲೆ ಎರಡು ಹೆಜ್ಜೆ. ‘ದಪ್ಪತಂತಿ ಬರಲಿಲ್ಲ. ಅಪ್ಪಣೆ ನಾನೇ ತಗೋತೀನಿ’ ಎಂದು ಮೆಲ್ಲಗೆ ನಕ್ಕ. ಎಡಗೈ ತಂತಿಗಳ ಮೇಲೆ ಕೂತ ಸದ್ದು ಬಂತು, ಆರೂ ತಂತಿ ಒಟ್ಟಿಗೆ ಮುಚ್ಚಿದಾಗ ಬರುವ ಮೊಂಡು ಸದ್ದು. ಒಂದು ಕೂದಲೆಳೆಯಷ್ಟು ತಡೆದ. ಬಲಗೈ ಚಾಚಿ, ಗೆಳೆಯನ ಕೈ ಹಿಡಿಯುವ ಹಾಗೆ, ಅಂಗೈ ತುಂಬ ಮೈಕನ್ನು ಹಿಡಿದ.